ಲೋಟ ಒಡೆಯಿತೋ, ಒಡೆದಳೋ? ನಮ್ಮ ಮಾತನ್ನು ನಾವೇ ತೂಗಿ ನೋಡುವ ಬಗೆ

ಒಂದೇ ವಾರದಲ್ಲಿ ನಮ್ಮ ಮನೆಯಲ್ಲಿ ಎರಡು ಗಾಜಿನ ಲೋಟ ಹೋದವು. ಸೋಮವಾರದ್ದು ಮಗನ ಕೈಯಿಂದ, ಗುರುವಾರದ್ದು ಪಾತ್ರೆ ತೊಳೆಯಲು ಬರುವವರ ಕೈಯಿಂದ. ಹಾಸನದಲ್ಲಿರುವ ತಂಗಿಗೆ ದಿನಾ ಸಂಜೆ ಫೋನ್ ಮಾಡುವುದು ನನ್ನ ಅಭ್ಯಾಸ. ಸೋಮವಾರ ಅವಳಿಗೆ ಹೇಳಿದೆ: "ಹೊಸ ಸೆಟ್ಟಿನಲ್ಲಿ ಒಂದು ಲೋಟ ಒಡೆದುಹೋಯ್ತು ಕಣೇ." ಗುರುವಾರ ಹೇಳಿದೆ: "ಇನ್ನೊಂದು ಲೋಟಾನೂ ಒಡೆದು ಹಾಕಿದ್ಲು ಕಣೇ."

ತಂಗಿ ನಕ್ಕಳು. "ಅಂದ್ರೆ ಸೋಮವಾರದ್ದು ತಾನಾಗೇ ಒಡೀತಾ?"

ನನಗೆ ನಗು ಬರಲಿಲ್ಲ. ಅದೇ ಲೋಟ, ಅದೇ ಸಿಂಕು, ಅದೇ ಸೋಪಿನ ಜಾರಿಕೆ. ಮಗನಾದರೆ ಲೋಟ ಒಡೆಯುತ್ತದೆ, ಕೆಲಸದವರಾದರೆ ಲೋಟ ಒಡೆದು ಹಾಕುತ್ತಾರೆ. ನಾನು ಯಾರನ್ನೂ ಬೈದಿರಲಿಲ್ಲ. ಕೆಟ್ಟ ಪದ ಒಂದೂ ಇರಲಿಲ್ಲ. ಆದರೂ ಒಬ್ಬರನ್ನು ತಪ್ಪಿತಸ್ಥರನ್ನಾಗಿ ಮಾಡಿಯಾಗಿತ್ತು. ಅದೂ ಏಕವಚನದಲ್ಲಿ. ಅವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು.

ಮಾತು ಸಮಾಜವನ್ನು ಹೇಗೆ ರೂಪಿಸುತ್ತದೆ ಅಂತ ಯಾರಾದರೂ ಕೇಳಿದರೆ ನಮ್ಮ ಮನಸ್ಸು ಸೀದಾ ಬೈಗುಳದ ಕಡೆ ಓಡುತ್ತದೆ. ಬೈಗುಳವೂ ಮುಖ್ಯವೇ, ಅದಕ್ಕೆ ಆಮೇಲೆ ಬರೋಣ. ಆದರೆ ಕನ್ನಡದಲ್ಲಿ ಅಸಲಿ ಕೆಲಸ ನಡೆಯುವುದು ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ 'ಕೇಮ್' ಅಂದರೆ ರಾಜನೂ ಬಂದ ಹಾಗೆ, ಸೇವಕನೂ ಬಂದ ಹಾಗೆ. ಕನ್ನಡದಲ್ಲಿ ಬಂದ, ಬಂದಳು, ಬಂದರು ಎಂದು ಆರಿಸಲೇಬೇಕು. ಒಬ್ಬ ಮನುಷ್ಯ ಬಂದ ಅಂತ ಹೇಳುವಷ್ಟರಲ್ಲಿ ಆತನನ್ನು ಎಲ್ಲಿ ಕೂರಿಸಬೇಕು ಅಂತ ತೀರ್ಮಾನಿಸಿ ಆಗಿರುತ್ತದೆ. ಇಂಥ ತೀರ್ಮಾನವನ್ನು ನಾವು ದಿನಕ್ಕೆ ನೂರಾರು ಸಲ ಮಾಡುತ್ತೇವೆ. ಗೊತ್ತೇ ಆಗದ ಹಾಗೆ.

ಇದನ್ನು ಗೊತ್ತು ಮಾಡಿಕೊಳ್ಳುವುದು ಹೇಗೆ, ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದನ್ನು ನಾನು ಮಾಡಿ ನೋಡಿದ ಕ್ರಮದಲ್ಲೇ ಬರೆದಿದ್ದೇನೆ. ಒಂದು ತಿಂಗಳು ಬೇಕು. ಒಂದು ಸಣ್ಣ ಪುಸ್ತಕ, ಒಂದು ಪೆನ್ನು. ನಾಚಿಕೆ ತಡೆದುಕೊಳ್ಳುವ ಶಕ್ತಿ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು.

ಮೊದಲ ಹೆಜ್ಜೆ: ಒಂದು ದಿನ ಸುಮ್ನೆ ಬರೆದುಕೊಳ್ಳಿ

ಯಾವುದನ್ನೂ ತಿದ್ದಬೇಡಿ. ಎಂದಿನ ಹಾಗೆ ಮಾತಾಡಿ. ಪುಸ್ತಕದಲ್ಲಿ ಮೂರು ಗೆರೆ ಎಳೆದು ನಾಲ್ಕು ಕಲಂ ಮಾಡಿ: ಯಾರ ಜೊತೆ, ನಾನು ಅವರನ್ನು ಏನೆಂದು ಕರೆದೆ, ಅವರು ನನ್ನನ್ನು ಏನೆಂದು ಕರೆದರು, ಅವರು ಎದುರಿಗೆ ಇಲ್ಲದಾಗ ನಾನು ಅವರ ಬಗ್ಗೆ ಹೇಗೆ ಮಾತಾಡಿದೆ.

ಕೊನೆಯ ಕಲಂ ತುಂಬುವುದೇ ಕಷ್ಟ. ಎದುರಿಗೆ ಎಲ್ಲರೂ ಸಭ್ಯರು. ಆ ಕಡೆ ಹೋದ ಮೇಲೆ ಬಾಲ ಬದಲಾಗುತ್ತದೆ.

ನನ್ನ ಪುಸ್ತಕದಲ್ಲಿ ಆ ದಿನ ಬಂದದ್ದು ಹೀಗೆ. ಕ್ಲಿನಿಕ್ಕಿನ ಡಾಕ್ಟರಿಗೆ ಇಪ್ಪತ್ತೆಂಟು ಇರಬಹುದು: "ಡಾಕ್ಟ್ರು ಹೇಳಿದ್ರು." ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಅರವತ್ತರ ಮೇಲೆ: "ವಾಚ್‌ಮನ್ ಹೇಳ್ದ." ಹೂವು ಮಾರುವವರು: "ಹೂವಿನವಳು." ಆಫೀಸಿನಲ್ಲಿ ಕಾಫಿ ತಂದುಕೊಡುವವರಿಗೆ ನೆರೆತ ಮೀಸೆ, ಇಬ್ಬರು ಮೊಮ್ಮಕ್ಕಳು: "ಆಫೀಸ್ ಬಾಯ್." ಪಾರ್ಸೆಲ್ ತಂದವರು ನನ್ನ ವಯಸ್ಸಿನವರು: "ಡೆಲಿವರಿ ಹುಡುಗ ಬಂದಿದ್ದ." ಕೆಲವರು ನಮ್ಮ ಕಣ್ಣಿಗೆ ಎಷ್ಟು ವರ್ಷವಾದರೂ ಹುಡುಗರಾಗಿಯೇ ಉಳಿಯುತ್ತಾರೆ. ಸಂಬಳ ಏರದ ಹಾಗೆ ವಯಸ್ಸೂ ಏರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಏಕವಚನ ಎಂದ ತಕ್ಷಣ ಅವಮಾನ ಅಂತ ಗುರುತು ಹಾಕಬೇಡಿ. ನಮ್ಮಲ್ಲಿ ದೇವರಿಗೇ ಏಕವಚನ, "ಕಾಪಾಡಪ್ಪಾ, ನೀನೇ ಗತಿ" ಅಂತೀವಿ. ಅಮ್ಮನಿಗೆ ಏಕವಚನ. ಪಂಪ ಬರೆದ, ರನ್ನ ಬರೆದ ಅಂತಲೇ ಪಾಠ ಮಾಡುತ್ತೇವೆ. ಹಳ್ಳಿಯ ಕಡೆ ಮೊಮ್ಮಗ ಅಜ್ಜನಿಗೆ "ಬಾ ತಾತ, ಉಣ್ಣು" ಅನ್ನುವುದರಲ್ಲಿ ಇರುವ ಸಲುಗೆ ಪೇಟೆಯ "ಬನ್ನಿ ತಾತ" ಅನ್ನುವುದರಲ್ಲಿ ಇಲ್ಲ. ಧಾರವಾಡದ ಕಡೆ ಮಾತಿನ ಕೊನೆಗೆ ಒಂದು 'ರೀ' ಅಂಟಿಸಿದರೆ ಸಾಕು, ಇಡೀ ವಾಕ್ಯಕ್ಕೆ ಮರ್ಯಾದೆ ಬಂದುಬಿಡುತ್ತದೆ. ಹಾಗಾಗಿ ಬೆಂಗಳೂರಿನ ಅಳತೆಗೋಲು ಹಿಡಿದು ಊರೂರು ಅಳೆಯಲು ಹೋಗಬೇಡಿ.

ಹಾಗಾದರೆ ಗುರುತಿಸುವುದು ಹೇಗೆ? ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು 'ನೀನು' ಅಂದವರು ನನಗೆ ತಿರುಗಿ 'ನೀನು' ಅನ್ನಬಹುದಾ? ಅನ್ನಬಹುದಾದರೆ ಅದು ಸಲುಗೆ. ಅನ್ನಲಾರರು ಅಂತಾದರೆ ಅದು ಏಣಿ, ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೇನೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು ಯುರೋಪಿನ ಭಾಷೆಗಳ 'ನೀನು-ನೀವು' ಬಗ್ಗೆ ಬರೆದಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಎರಡೂ ಕಡೆ ಒಂದೇ ಇದ್ದರೆ ಒಡನಾಟ, ಒಂದು ಕಡೆಯಿಂದ ಮಾತ್ರ ಇಳಿದರೆ ಅಧಿಕಾರ. ನಮ್ಮ ಅಜ್ಜಿಯರಿಗೆ ಇದು ಓದದೆಯೇ ಗೊತ್ತಿತ್ತು.

ಎರಡನೇ ಹೆಜ್ಜೆ: ಒಬ್ಬರ ವಿಷಯದಲ್ಲಿ ಮಾತ್ರ, ಒಂದು ವಾರ, ಬಾಲ ಬದಲಿಸಿ

ಎಲ್ಲರಿಗೂ ಒಟ್ಟಿಗೆ ಶುರು ಮಾಡಬೇಡಿ. ನಾಟಕದ ಹಾಗೆ ಕಾಣುತ್ತದೆ, ಮೂರನೇ ದಿನಕ್ಕೆ ನಿಮಗೇ ಸುಸ್ತಾಗುತ್ತದೆ. ಪುಸ್ತಕದಿಂದ ಒಂದು ಸಾಲು ಆರಿಸಿ.

ನಾನು ಆರಿಸಿದ್ದು ಲೋಟದ ಸಾಲನ್ನೇ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದು "ಬನ್ನಿ" ಅಂದೆ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರೋ ಬಂದಿದ್ದಾರೆ ಅಂದುಕೊಂಡು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಕೇಳಿಯೇ ಬಿಟ್ಟರು: "ಯಾಕಕ್ಕಾ, ನನ್ ಮೇಲೆ ಏನಾದ್ರೂ ಬೇಜಾರಾ?"

ನೋಡಿ, ಇದನ್ನು ನಾನು ಎಣಿಸಿರಲಿಲ್ಲ. ಒಂಬತ್ತು ವರ್ಷ 'ಬಾ' ಅಂದವಳು ಇದ್ದಕ್ಕಿದ್ದಂತೆ 'ಬನ್ನಿ' ಅಂದರೆ ದೂರ ಮಾಡಿದ ಹಾಗೆ ಕೇಳಿಸುತ್ತದೆ. ಆಗ ಕೂತು ಮಾತಾಡಿದೆವು. ಅವರಿಗೆ 'ಬನ್ನಿ' ಬೇಕಿರಲಿಲ್ಲ. ಬೇಕಿದ್ದದ್ದು ಬೇರೆ. ನಮ್ಮ ಮನೆಗೆ ಬಂದವರ ಮುಂದೆ ನಾನು "ನಮ್ಮ ಕೆಲಸದವಳು" ಅಂತ ತೋರಿಸುತ್ತಿದ್ದೆನಲ್ಲ, ಅದರ ಬದಲು ಹೆಸರು ಹೇಳಬೇಕಿತ್ತು. ಅಷ್ಟೇ. "ನಂಗೂ ಒಂದು ಹೆಸರಿಟ್ಟವ್ರೆ ಅಕ್ಕಾ" ಅಂದರು.

ಹಾಗಾಗಿ ಈ ಹೆಜ್ಜೆಯ ಒಳಗೇ ಇನ್ನೊಂದು ಹೆಜ್ಜೆ ಇದೆ: ಕೇಳಿ. ಯಾರ ಬಗ್ಗೆ ಪದ ಆರಿಸುತ್ತಿದ್ದೀರೋ ಅವರನ್ನೇ ಕೇಳಿ. ಎದುರಿಗೆ ಅವರಿಗೆ ಹಿತವಾದದ್ದು, ಬೆನ್ನ ಹಿಂದೆ ಬಹುವಚನ. ನಾವು ಬಂದು ನಿಂತದ್ದು ಅಲ್ಲಿಗೆ. ಬೆನ್ನ ಹಿಂದಿನ ಮಾತನ್ನು ಅವರು ಕೇಳುವುದಿಲ್ಲ, ಆದರೆ ನನ್ನ ಮಗ ಕೇಳುತ್ತಾನೆ.

ಮೂರನೇ ಹೆಜ್ಜೆ: ಮಾಡಿದ್ದು ಯಾರು ಅಂತ ಹುಡುಕಿ

ಈಗ ಪುಸ್ತಕ ಪಕ್ಕಕ್ಕಿಟ್ಟು ಅವತ್ತಿನ ಪೇಪರ್ ತೆಗೆಯಿರಿ. ಅಪರಾಧದ ಸುದ್ದಿಗಳಿಗೆ ಪೆನ್ನು ಹಿಡಿದು ಗುರುತು ಹಾಕಿ. ಸರಗಳ್ಳತನದ ಆರೋಪಿ 'ಪರಾರಿಯಾಗಿದ್ದಾನೆ.' ಕೋಟಿಗಟ್ಟಲೆ ವಂಚನೆಯ ಆರೋಪ ಹೊತ್ತ ದೊಡ್ಡ ಮನುಷ್ಯರು 'ತಲೆಮರೆಸಿಕೊಂಡಿದ್ದಾರೆ.' ಇಬ್ಬರ ಮೇಲೂ ಇರುವುದು ಆರೋಪ ಮಾತ್ರ, ಇಬ್ಬರದ್ದೂ ಇನ್ನೂ ಸಾಬೀತಾಗಿಲ್ಲ. ಆದರೆ ಒಬ್ಬರಿಗೆ ಕೋರ್ಟಿಗೆ ಮೊದಲೇ ವ್ಯಾಕರಣ ಶಿಕ್ಷೆ ಕೊಟ್ಟಿದೆ. ಎಲ್ಲಾ ಪೇಪರಿನಲ್ಲೂ ಹೀಗೇ ಇರುತ್ತದೆ ಅಂತಲ್ಲ. ಒಂದು ವಾರ ಗುರುತು ಹಾಕಿದರೆ ನೀವೇ ಲೆಕ್ಕ ಹೇಳಬಹುದು.

ಆಮೇಲೆ ಕ್ರಿಯಾಪದ ನೋಡಿ. 'ಮ್ಯಾನ್‌ಹೋಲ್‌ಗೆ ಇಳಿದು ಕಾರ್ಮಿಕ ಸಾವು.' ಓದಿದರೆ ಏನನ್ನಿಸುತ್ತದೆ? ಪಾಪ, ಯಾಕೆ ಇಳಿದನೋ. ಈಗ 'ಇಳಿದು' ತೆಗೆದು 'ಇಳಿಸಿ' ಹಾಕಿ. 'ಮ್ಯಾನ್‌ಹೋಲ್‌ಗೆ ಇಳಿಸಿ ಕಾರ್ಮಿಕನ ಸಾವು.' ತಕ್ಷಣ ಪ್ರಶ್ನೆ ಬದಲಾಗುತ್ತದೆ: ಇಳಿಸಿದ್ದು ಯಾರು?

ಇದು ಸುಮ್ನೆ ಪದದ ಆಟವಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ 2013ರಲ್ಲಿ ಬಂದ ಕಾಯ್ದೆ ಶಿಕ್ಷೆ ಹೇಳಿರುವುದು ಇಳಿದವರಿಗಲ್ಲ, ಇಳಿಸಿದವರಿಗೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇಷ್ಟೆಲ್ಲಾ ಕಾನೂನು ಕನ್ನಡದ ಒಂದು 'ಸು' ಒಳಗೆ ಕೂತಿದೆ. ಇಳಿ, ಇಳಿಸು. ಶೀರ್ಷಿಕೆ ಬರೆಯುವವರು ಆ ಅಕ್ಷರ ಬಿಟ್ಟರೆ ಅಪರಾಧ ಹೋಗಿ ಆಕಸ್ಮಿಕ ಉಳಿಯುತ್ತದೆ.

ಪದ ಬದಲಾದರೆ ನಿಜಕ್ಕೂ ತಲೆ ಬದಲಾಗುತ್ತದಾ ಅಂತ ಅನುಮಾನ ಬರಬಹುದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಅಂತ ಕೇಳಿದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಬೇರೆ ಬೇರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ಎಷ್ಟು ವೇಗ ಅಂತ ಕೆಲವರಿಗೆ, 'ತಾಗಿದಾಗ' ಎಷ್ಟು ಅಂತ ಇನ್ನು ಕೆಲವರಿಗೆ. ಅಪ್ಪಳಿಸಿದ್ದು ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಅಂದರು. ತಾಗಿದ್ದು ಅಂತ ಕೇಳಿಸಿಕೊಂಡವರು ಸುಮಾರು 32. ಇನ್ನೊಂದು ಗುಂಪಿನ ಜೊತೆ ಮತ್ತೆ ಪ್ರಯೋಗ ಮಾಡಿ, ಒಂದು ವಾರ ಬಿಟ್ಟು ಕೇಳಿದರು: ಗಾಜು ಒಡೆದಿದ್ದನ್ನು ನೋಡಿದಿರಾ? ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಜನ ನೋಡಿದೆವು ಅಂದರು. 'ಡಿಕ್ಕಿಯಾದ' ಅಂತ ಕೇಳಿದ 50 ಜನರಲ್ಲಿ 7 ಜನ ಮಾತ್ರ. ಒಂದು ಕ್ರಿಯಾಪದ ಇಲ್ಲದ ಗಾಜನ್ನು ಒಡೆಯಿತು.

ಅದಕ್ಕೇ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಹೇಳುವಾಗ ಎರಡು ಪದಗಳನ್ನು ನಾನು ಬಿಟ್ಟಿದ್ದೇನೆ. ಒಂದು 'ಚುಡಾಯಿಸು'. ಕೇಳಿದರೆ ಹುಡುಗಾಟದ ಹಾಗಿದೆ, ಬಸ್‌ಸ್ಟಾಪಿನಲ್ಲಿ ನಿಂತವಳಿಗೆ ಅದು ಹುಡುಗಾಟವಲ್ಲ. ಕಿರುಕುಳ ಅನ್ನಿ. ಇನ್ನೊಂದು 'ಮಾನಭಂಗ'. ತಪ್ಪು ಮಾಡಿದವನ ಮಾನ ಗಟ್ಟಿಯಾಗಿದೆ, ಇವಳದ್ದು ಮಾತ್ರ ಭಂಗವಾಯಿತಾ? 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರು ಮತ್ತು ವಕೀಲರಿಗಾಗಿ ಒಂದು ಕೈಪಿಡಿ ತಂದಿತು. ಯಾವ ಪದ ಬೇಡ, ಅದರ ಬದಲು ಯಾವುದು ಅಂತ ಅದರಲ್ಲಿ ಪಟ್ಟಿಯೇ ಇದೆ. 'ಈವ್ ಟೀಸಿಂಗ್' ಬೇಡ, ಬೀದಿಯ ಲೈಂಗಿಕ ಕಿರುಕುಳ ಅನ್ನಿ ಅಂತ ಅದು ಹೇಳುತ್ತದೆ. ತೀರ್ಪು ಬರೆಯುವವರಿಗೇ ಪದದ ಪಾಠ ಬೇಕಾಯಿತು ಅಂದಮೇಲೆ ನಮಗೆ ನಿಮಗೆ ಯಾವ ಲೆಕ್ಕ.

ನಾಲ್ಕನೇ ಹೆಜ್ಜೆ: ಬೈಗುಳದ ಡಬ್ಬಿ ತೆರೆಯಿರಿ

ಸಿಟ್ಟು ಬಂದಾಗ ಬೈಯಬೇಡಿ ಅಂತ ಹೇಳಲು ನಾನು ಸನ್ಯಾಸಿಯಲ್ಲ. ಆದರೆ ಏಟು ಯಾರಿಗೆ ಬೀಳುತ್ತಿದೆ ಅಂತ ನೋಡಬೇಕು. ಟ್ರಾಫಿಕ್ಕಿನಲ್ಲಿ ಅಡ್ಡ ಬಂದ ಗಂಡಸಿಗೆ ನಮ್ಮವರು ಏನನ್ನುತ್ತಾರೆ? ಮುಂಡೇಮಗ, ಬೋಳಿಮಗ. ಅಡ್ಡ ಬಂದವನು ಅವನು, ಬೈಸಿಕೊಂಡಿದ್ದು ಅವನ ತಾಯಿ. ಅದೂ ಯಾವ ತಪ್ಪಿಗೆ? ಗಂಡ ಸತ್ತದ್ದಕ್ಕೆ. ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲ ಹೋಯಿತು ಅಂದುಕೊಂಡಿದ್ದೇವೆ. ನಮ್ಮ ಸಿಗ್ನಲ್ಲುಗಳಲ್ಲಿ ಅದು ಇನ್ನೂ ಹೋಗಿಲ್ಲ.

ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ತಮಾಷೆಗೂ ಬೇಡ, ಗಾದೆಯ ನೆಪದಲ್ಲೂ ಬೇಡ. ಗಾದೆ ಹಳೆಯದು ಅನ್ನುವುದು ಅದಕ್ಕೆ ರಿಯಾಯಿತಿ ಅಲ್ಲ.

ಇನ್ನು 'ಹುಚ್ಚ', 'ಮೆಂಟ್ಲು', 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು'. ಬೆಂಗಳೂರಿನವರಿಗೆ ಈ ಕೊನೆಯದ್ದು ತಮಾಷೆಯ ಮಾತು. ಅದರ ಬೆಲೆ ಏನು ಗೊತ್ತಾ? ಫಿಟ್ಸ್, ಪಾರ್ಶ್ವವಾಯು, ಮೆದುಳಿನ ಗೆಡ್ಡೆಗೂ ಅಲ್ಲಿ ಚಿಕಿತ್ಸೆ ಇದೆ. ಆದರೆ ಆ ಹೆಸರು ಕೇಳಿದರೆ ನೆಂಟರು ಏನಂದುಕೊಳ್ಳುತ್ತಾರೋ ಅಂತ ಹಿಂಜರಿದು ಕೂತವರನ್ನು ನಾನು ನೋಡಿದ್ದೇನೆ. ಆ ಸಂಸ್ಥೆಯ ಚರಿತ್ರೆಯೇ ಪದಗಳ ಚರಿತ್ರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಂಗ್ಲಿಷಿನಲ್ಲಿ ಅದು 'ಲುನಾಟಿಕ್ ಅಸೈಲಮ್', ಅಂದರೆ ಹುಚ್ಚಾಸ್ಪತ್ರೆ. 1925ರಲ್ಲಿ ಅದನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿದರು. 1974ರಲ್ಲಿ ಅದು ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಈಗಿನ ನಿಮ್ಹಾನ್ಸ್ ಆಯಿತು. ಕಾನೂನಿನಲ್ಲೂ ಹಾಗೇ: 1912ರ ಕಾಯ್ದೆಯ ಹೆಸರಿನಲ್ಲಿ 'ಲುನಸಿ', 1987ರದ್ದರಲ್ಲಿ 'ಮಾನಸಿಕ ಆರೋಗ್ಯ', 2017ರದ್ದರಲ್ಲಿ 'ಮಾನಸಿಕ ಆರೋಗ್ಯ ಆರೈಕೆ'. ಹೆಸರು ಹುಚ್ಚಿನಿಂದ ಆರೈಕೆಗೆ ಬರಲು ನೂರು ವರ್ಷ ಹಿಡಿಯಿತು. ನಮ್ಮ ಬಾಯಿ ಇನ್ನೂ 1912ರಲ್ಲೇ ಇದೆ. ಅಂದಹಾಗೆ, ಮನಸ್ಸು ಕುಗ್ಗಿದವರು ಯಾರಾದರೂ ನಿಮ್ಮ ಸುತ್ತ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರಿಂದ ಇದೆ, ಹಣ ಕೊಡಬೇಕಿಲ್ಲ.

ಅಂಗವೈಕಲ್ಯದ ಪದಗಳ ವಿಷಯ ಸ್ವಲ್ಪ ಗೋಜಲು. 'ಏ ಕುಂಟ' ಅಂತ ಮನುಷ್ಯನನ್ನು ಕರೆಯುವುದಕ್ಕೂ 'ಕುಂಟು ನೆಪ' ಅನ್ನುವುದಕ್ಕೂ ವ್ಯತ್ಯಾಸ ಇದೆ ಅಂತ ನನ್ನ ಅಭಿಪ್ರಾಯ. ಮೊದಲನೆಯದು ಖಂಡಿತಾ ಬೇಡ. ಎರಡನೆಯದಕ್ಕೆ 'ಪೊಳ್ಳು ನೆಪ' ಅನ್ನಲು ನಾನು ಕಲಿತಿದ್ದೇನೆ, ಆದರೆ ಯಾರಾದರೂ ಅಂದರೆ ಜಗಳಕ್ಕೆ ಹೋಗುವುದಿಲ್ಲ. ಸರ್ಕಾರಿ ಪದಗಳಂತೂ ಇನ್ನೂ ತಮಾಷೆ. 'ಅಂಗವಿಕಲ' ಬೇಡ ಅಂತ 'ವಿಕಲಚೇತನ' ಮಾಡಿದರು. ಬಿಡಿಸಿ ನೋಡಿ: ಮೊದಲನೆಯದರಲ್ಲಿ ಅಂಗಕ್ಕೆ ಮಾತ್ರ ಊನ, ಎರಡನೆಯದರಲ್ಲಿ ಚೇತನಕ್ಕೇ! 2015ರ ಕೊನೆಗೆ ಪ್ರಧಾನಿ ಮೋದಿ 'ದಿವ್ಯಾಂಗ' ಅನ್ನಿ ಎಂದರು. ಆ ಕ್ಷೇತ್ರದಲ್ಲಿ ಹೋರಾಡುವ ಹಲವರು ಒಪ್ಪಲಿಲ್ಲ. ನಮಗೆ ದಿವ್ಯತೆ ಬೇಡ, ರ‍್ಯಾಂಪ್ ಕೊಡಿ ಅನ್ನುವುದು ಅವರ ವಾದದ ತಿರುಳು. 2016ರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು, ಅದರಿಂದ ಆದ ಉಪಯೋಗ ಯಾವ ಹೊಸ ಹೆಸರಿನಿಂದಲೂ ಆಗಿಲ್ಲ. ನಾನೇನು ಮಾಡುತ್ತೇನೆ? ಹೆಸರು ಹೇಳುತ್ತೇನೆ. ತೊಂದರೆಯ ಮಾತು ಬಂದರೆ ಮಾತ್ರ ನೇರವಾಗಿ 'ಅವರಿಗೆ ಕಣ್ಣು ಕಾಣುವುದಿಲ್ಲ' ಅನ್ನುತ್ತೇನೆ. ಆ ವಿಷಯ ಬಾರದಿದ್ದರೆ ಸುತ್ತಿ ಬಳಸಿ ಅದನ್ನು ಎತ್ತಬೇಕಿಲ್ಲ.

ಐದನೇ ಹೆಜ್ಜೆ: ಮನೆಯೊಳಗಿನ ಪದಗಳು

ಇವು ಬೈಗುಳವಲ್ಲ, ಅದಕ್ಕೇ ಸಿಕ್ಕಿಬೀಳುವುದಿಲ್ಲ.

"ನಿಮ್ಮ ಹೆಂಡ್ತಿ ಏನ್ಮಾಡ್ತಾರೆ?" "ಸುಮ್ನೆ ಮನೇಲಿದ್ದಾಳೆ." ಈ 'ಸುಮ್ನೆ'ಯ ತೂಕ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಸುಮ್ನೆ ಇರುವುದಕ್ಕೆ ಐದು ಗಂಟೆ ಬೇಕು ಅಂತಾಯಿತು. ಗಂಡ ಪಾತ್ರೆ ತೊಳೆದರೆ 'ಹೆಲ್ಪ್ ಮಾಡ್ತಾರೆ' ಅನ್ನುವುದೂ ಇದೇ ಜಾತಿಯದ್ದು. ತಾನು ಉಂಡ ತಟ್ಟೆ ತಾನು ತೊಳೆದರೆ ಅದು ಸಹಾಯ ಹೇಗಾಗುತ್ತದೆ?

ಗಂಡನಿಗೆ 'ಯಜಮಾನರು' ಅನ್ನುವ ರೂಢಿ ನಮ್ಮಲ್ಲಿ ಹಳೆಯದು. ಅಂದರೆ ಒಡೆಯರು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತಲ್ಲ, ತಿಂಗಳಿಗೆ 2,000 ರೂಪಾಯಿ 'ಮನೆಯ ಯಜಮಾನಿ'ಗೆ ಅಂತ. ಆಗ ನಮ್ಮೂರ ಕಡೆ ಒಂದು ಪ್ರಶ್ನೆ ಎದ್ದಿತು: ಯಜಮಾನಿ ಅಂದ್ರೆ ಯಾರು, ಅತ್ತೆಯಾ ಸೊಸೆಯಾ? ಟಿವಿಯಲ್ಲೂ ಅದೇ ಚರ್ಚೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಯೋಚಿಸಿ. ಯಜಮಾನ ಯಾರು ಅಂತ ಯಾವ ಮನೆಯಲ್ಲೂ ಚರ್ಚೆ ಆಗಿರಲಿಲ್ಲ. 'ಯಜಮಾನಿ' ಅನ್ನುವ ಪದಕ್ಕೆ ದುಡ್ಡು ಅಂಟಿಕೊಂಡ ಮೇಲೆ ಅದು ಗಂಡನ ಪದದ ನೆರಳಾಗಿ ಉಳಿಯಲಿಲ್ಲ. ರೇಷನ್ ಕಾರ್ಡಿಗಂತೂ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಮನೆಯ ಹಿರಿಯ ಹೆಂಗಸು ಕುಟುಂಬದ ಮುಖ್ಯಸ್ಥೆ ಅಂತ ಬರೆದಿದೆ. ಕಾಗದ ಬದಲಾಯಿತು. 'ಯಜಮಾನ್ರನ್ನ ಕರೀರಿ' ಅನ್ನುವ ಮೀಟರ್ ರೀಡಿಂಗಿನವರು ಇನ್ನೂ ಬದಲಾಗಿಲ್ಲ.

ಹೆಣ್ಣು ನೋಡುವ ಮಾತಿನಲ್ಲಿ 'ಬಣ್ಣ ಸ್ವಲ್ಪ ಕಮ್ಮಿ' ಅನ್ನುತ್ತಾರೆ. ಎಲ್ಲಿಂದ ಅಳೆದು ಕಮ್ಮಿ? ತುಂಬಿದ ಕೊಡ ಯಾವುದು? ಆ ಪ್ರಸಿದ್ಧ ಕ್ರೀಮಿನ ಕಂಪನಿಯೇ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದ ಕಿತ್ತು 'ಗ್ಲೋ' ಹಾಕಿತು. ಟ್ಯೂಬಿನೊಳಗಿನ ಆಸೆ ಅದೇ, ಬಿಡಿ. 'ಕಪ್ಪಗಿದ್ದಾಳೆ' ಅಂತ ನೇರವಾಗಿ ಹೇಳುವುದು ತಪ್ಪಲ್ಲ. ಅದನ್ನು 'ಆದರೂ ಲಕ್ಷಣವಾಗಿದ್ದಾಳೆ' ಅಂತ ಮುಗಿಸುವುದು ತಪ್ಪು. ಆ 'ಆದರೂ' ಒಂದನ್ನು ಹೊಡೆದು ಹಾಕಿ ಸಾಕು.

ಇನ್ನೊಂದು, ಸಮಾರಂಭ ಮಾಡುವವರಿಗೆ. ನಮ್ಮ ಮನೆಯ ನಾಮಕರಣದಲ್ಲಿ ನಾನೇ ಮೈಕ್ ಹಿಡಿದು "ಮುತ್ತೈದೆಯರೆಲ್ಲಾ ಬನ್ನಿ, ಅರಿಶಿನ ಕುಂಕುಮ ತಗೊಳ್ಳಿ" ಅಂದೆ. ಮಗುವನ್ನು ಹಗಲೂ ರಾತ್ರಿ ಎತ್ತಿ ಆಡಿಸಿದ ಚಿಕ್ಕಮ್ಮ ಸದ್ದಿಲ್ಲದೆ ಅಡುಗೆಮನೆಗೆ ಹೋದರು. ನಾನು ಅವರನ್ನು ಹೊರಗೆ ಕಳಿಸಿರಲಿಲ್ಲ, ಆ ಪದ ಕಳಿಸಿತು. ಮುಂದಿನ ಸಲದಿಂದ "ಹೆಂಗಸರೆಲ್ಲಾ ಬನ್ನಿ" ಅನ್ನುತ್ತೇನೆ. ಬರುವುದು ಬಿಡುವುದು ಅವರವರ ಇಷ್ಟ. ಕರೆಯೋಲೆಯಲ್ಲಿ ಒಂದು ಪದ ಬದಲಿಸುವುದಕ್ಕೆ ಪುರೋಹಿತರ ಅಪ್ಪಣೆ ಬೇಕಿಲ್ಲ.

ಆರನೇ ಹೆಜ್ಜೆ: ಪದ ಬದಲಿಸಿ ಕೈ ತೊಳೆದುಕೊಳ್ಳಬೇಡಿ

ಇಷ್ಟು ಹೊತ್ತು ಪದಗಳ ಪರ ಮಾತಾಡಿ ಈಗ ಅವುಗಳ ಮಿತಿ ಹೇಳಬೇಕು. ಬೀದಿ ಗುಡಿಸುವವರನ್ನು ನಾವು ಮೊದಲು ಏನೇನೋ ಕರೆಯುತ್ತಿದ್ದೆವು. ಆಮೇಲೆ 'ಪೌರಕಾರ್ಮಿಕ' ಬಂತು. ಒಳ್ಳೆಯ ಪದ. ಜಾತಿ ಇಲ್ಲ, ಕಸ ಇಲ್ಲ, ಪುರ ಇದೆ, ದುಡಿಮೆ ಇದೆ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನೂ ಆಚರಿಸುತ್ತಾರೆ, ಶಾಲು ಹೊದಿಸುತ್ತಾರೆ.

ಆದರೆ ಶಾಲು ಹೊದಿಸಿಕೊಂಡವರಲ್ಲಿ ಸಾವಿರಾರು ಜನರಿಗೆ ಕೆಲಸ ಕಾಯಂ ಆಗಿರಲಿಲ್ಲ. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಅದೇ ಸೆಪ್ಟೆಂಬರ್‌ನಲ್ಲಿ 11,133 ಜನರನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಅದು ಪದದಿಂದ ಬಂದದ್ದಲ್ಲ, ಕೂತು ಹೋರಾಡಿ ಬಂದದ್ದು. ಮೊದಲೂ ಹಾಗೇ ಆಗಿದೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪದ ಚಂದ ಮಾಡಲಿಲ್ಲ, ಪದ್ಧತಿಯನ್ನೇ ನಿಲ್ಲಿಸಿ ಅಂದರು.

ಅದೇ ಬಸವಲಿಂಗಪ್ಪನವರ ಬಾಯಿಂದ 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಇನ್ನೊಂದು ಪದ ಬಂತು, ನಿಮಗೆ ಗೊತ್ತಿರಬಹುದು: 'ಬೂಸಾ'. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದನಕ್ಕೆ ಹಾಕುವ ಹೊಟ್ಟು. ಗಲಾಟೆಯೋ ಗಲಾಟೆ. ಕೊನೆಗೆ ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಆ ಪದದ ಸುತ್ತ ಒಟ್ಟಾದ ದಲಿತ ಯುವಕರಿಂದ ಒಂದು ಚಳವಳಿ ಗಟ್ಟಿಯಾಯಿತು, ಕನ್ನಡದಲ್ಲಿ ಬರೆಯುವ ಬಗೆಯೇ ಬದಲಾಯಿತು. ಒರಟು ಪದ ಯಾವಾಗಲೂ ಕೆಟ್ಟದ್ದು, ನಯವಾದ ಪದ ಯಾವಾಗಲೂ ಒಳ್ಳೆಯದು ಅಂತ ತಿಳಿದವರು ಈ ಕಥೆಯನ್ನು ಒಮ್ಮೆ ನೆನೆಯಬೇಕು. ಮೇಲಿನಿಂದ ಕೆಳಗೆ ಎಸೆದ ಪದ ಬೇರೆ, ಕೆಳಗಿನಿಂದ ಮೇಲಕ್ಕೆ ಎಸೆದ ಪದ ಬೇರೆ.

ಹಾಗಾಗಿ ನಿಮ್ಮ ಮನೆಯಲ್ಲಿ 'ಕೆಲಸದವಳು' ಹೋಗಿ ಹೆಸರು ಬಂದರೆ, ಜೊತೆಗೆ ವಾರಕ್ಕೊಂದು ರಜೆ, ಹಬ್ಬಕ್ಕೆ ಬೋನಸ್ಸು, ಕುಡಿಯಲು ಬೇರೆ ಲೋಟ ಇಡುವ ಪದ್ಧತಿಗೆ ಮಂಗಳ, ಇವೂ ಬಂದಿವೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬರೀ ಬಾಯುಪಚಾರ.

ಏಳನೇ ಹೆಜ್ಜೆ: ಬೇರೆಯವರನ್ನು ತಿದ್ದುವುದು, ಜಗಳ ಇಲ್ಲದೆ

ಭಾಷಣ ಮಾಡಬೇಡಿ. ನಾನು ಮಾಡಿದ್ದೇನೆ, ಊಟದ ಮನೆಯಲ್ಲಿ, ಎಲೆ ಮುಂದೆ ಕೂತವರಿಗೆ. ಯಾರೂ ಬದಲಾಗಲಿಲ್ಲ, ಹೋಳಿಗೆ ಮಾತ್ರ ತಣ್ಣಗಾಯಿತು.

ಕೆಲಸ ಮಾಡುವುದು ಮೂರು ಉಪಾಯ. ಒಂದು, ಅವರ ಮಾತನ್ನೇ ಬಾಲ ಬದಲಿಸಿ ತಿರುಗಿ ಹೇಳುವುದು. "ವಾಚ್‌ಮನ್ ಬಂದಿದ್ದ." "ಹೌದಾ, ಬಂದಿದ್ರಾ? ಏನಂದ್ರು?" ಅಷ್ಟೇ. ನಾಲ್ಕು ಸಲ ಕೇಳಿಸಿಕೊಂಡರೆ ಅರ್ಧ ಜನ ತಾವೇ ಹೊರಳುತ್ತಾರೆ. ಎರಡು, ಏನೂ ಗೊತ್ತಿಲ್ಲದವರ ಹಾಗೆ ಪ್ರಶ್ನೆ ಕೇಳುವುದು. "ಅಯ್ಯೋ, ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಅಂತ ಭಾವ ನಕ್ಕರೆ, "ಹಾಗಂದ್ರೆ ಏನು ಭಾವ, ಬಿಡಿಸಿ ಹೇಳಿ" ಅನ್ನಿ. ಬಿಡಿಸಿ ಹೇಳುವುದು ಬಹಳ ಕಷ್ಟ. ಮೂರು, ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮುಂದೆ ತಿದ್ದದೆ ಅವರಿಗೊಬ್ಬರಿಗೇ ಬರೆಯುವುದು. ಮುಖ ಉಳಿದರೆ ಮಾತು ಬದಲಾಗುತ್ತದೆ. ಮುಖ ಹೋದರೆ ಹಟ ಬರುತ್ತದೆ.

ಎಂಬತ್ತು ದಾಟಿದವರನ್ನು ಬಿಟ್ಟುಬಿಡಿ. ಅವರ ಪದಗಳು ಒರಟು, ಕೈ ಹಲವು ಸಲ ಮೆದು. ಮಕ್ಕಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗೆಳೆಯನಿಗೆ 'ಕರಿಯ', 'ದಡಿಯ', 'ಲೂಸು' ಅಂದಾಗ ಅಲ್ಲೇ ನಿಲ್ಲಿಸಿ, ಅವನ ಹೆಸರು ಕೇಳಿ. ಹಾಗೆಯೇ ನೀವು ನಿಮ್ಮ ಮಗುವಿಗೆ 'ದಡ್ಡ' ಅನ್ನುವುದನ್ನೂ ನಿಲ್ಲಿಸಿ. 'ಈ ಲೆಕ್ಕ ತಪ್ಪಾಗಿದೆ' ಅಂದರೆ ಲೆಕ್ಕ ತಿದ್ದಬಹುದು. 'ನೀನು ದಡ್ಡ' ಅಂದರೆ ತಿದ್ದುವುದು ಏನನ್ನು?

ಬಾಯಿ ತಪ್ಪುವುದು ಗ್ಯಾರಂಟಿ. ತಪ್ಪಿದಾಗ ಉದ್ದ ಕ್ಷಮೆ ಕೇಳಬೇಡಿ. ಎದುರಿನವರು ನಿಮ್ಮನ್ನೇ ಸಮಾಧಾನ ಮಾಡುವ ಹಾಗಾಗುತ್ತದೆ. ಸರಿಯಾದ ಪದ ಹೇಳಿ ಮುಂದಕ್ಕೆ ಹೋಗಿ.

ತಿಂಗಳು ಕಳೆದ ಮೇಲೆ ಅದೇ ಪುಸ್ತಕ ತೆಗೆದು ಮತ್ತೆ ಒಂದು ದಿನ ಬರೆಯಿರಿ, ಎರಡು ಪುಟ ಪಕ್ಕಪಕ್ಕ ಇಟ್ಟು ನೋಡಿ. ನನ್ನದರಲ್ಲಿ ವಾಚ್‌ಮನ್ ಸಾಲು ಬದಲಾಗಿದೆ, ಕಾಫಿ ತರುವವರದ್ದು ಬದಲಾಗಿದೆ. ಹೂವಿನವರಿಗೆ ಹೆಸರು ಬಂದಿದೆ, ಕೇಳಿದ ಮೇಲೆ ಒಂದು ಮೊಳ ಜಾಸ್ತಿಯೂ ಸಿಗುತ್ತಿದೆ. ಆಟೋದವರ ಸಾಲು ಮಾತ್ರ ಹಾಗೇ ಇದೆ. ಹತ್ತುವಾಗ 'ಬರ್ತೀರಾ' ಅಂತಲೇ ಶುರು ಮಾಡುತ್ತೇನೆ. ಮೀಟರ್ ಮೇಲೆ ಐವತ್ತು ಕೊಡಿ ಅಂದ ಕೂಡಲೇ ನನ್ನ ಬಹುವಚನ ಇಳಿದು ಹೋಗುತ್ತದೆ.